ರಕ್ತದ ಮರುಪಯಣ



1582 ರಲ್ಲಿ ಇಂಗ್ಲೆಂಡಿನ ಲಾರ್ಡ್ ಲಮ್ಲೀ ಎಂಬ ಶ್ರೀಮಂತನೂ ರಿಚರ್ಡ್ ಕಾಲ್ಡ್‌ವೆಲ್ ಎಂಬ ವೈದ್ಯನೂ ಕೂಡಿ ಲಂಡನ್ನಿನ ವೈದ್ಯರ ಕಾಲೇಜಿಗೆ ಒಂದು ದತ್ತಿಯನ್ನು ಬಿಟ್ಟರು. ಅದರ ಉತ್ಪನ್ನದಿಂದ ಅಂಗರಚನೆಯನ್ನೂ ಶಸ್ತ್ರವೈದ್ಯವನ್ನೂ ಕುರಿತ ಉಪನ್ಯಾಸಗಳು ತಪ್ಪದೆ ನಡೆಯತಕ್ಕುದೆಂಬುದು ಅವರ ಸಂಕಲ್ಪ. ದತ್ತಿ ಉಪನ್ಯಾಸಗಳಲ್ಲಿ ಬಹುಪಾಲು, ಭಾಷಣಕಾರನ ಕೊರಳಿನ ಹಾರ ಬಾಡುವುದಕ್ಕೆ ಮೊದಲೇ ಮರೆತುಹೋಗತಕ್ಕವೆಂಬುದನ್ನು ನಿಮ್ಮಂತೆಯೇ ನಾನೂ ಬಲ್ಲೆನಾದರೂ, ಈ ಲಮ್ಲೀ ದತ್ತಿಗೆ ಆ ಗತಿ ಬರಲಿಲ್ಲ. ಏಕೆಂದರೆ 1616 ರ ಏಪ್ರಿಲ್ ತಿಂಗಳಿನಲ್ಲಿ ಅದರ ವೇದಿಕೆಯನ್ನೇರಿದವನು ಮೂವತ್ತೆಂಟು ವರ್ಷ ವಯಸ್ಸಿನ ವಿಲಿಯಂ ಹಾರ್ವೆ. ಅವನು ಲ್ಯಾಟಿನ್ನಿನಲ್ಲಿ, ನಡುನಡುವೆ ಇಂಗ್ಲಿಷನ್ನು ಬೆರೆಸಿ, ಓದುವವರ ಕಣ್ಣಿಗೆ ಶಿಕ್ಷೆಯೆನ್ನಿಸುವ ಅಕ್ಷರಗಳಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಉಳಿದುಬಂದಿವೆ. ಅವುಗಳಲ್ಲಿ ರಕ್ತವು ದೇಹದಲ್ಲಿ ಸದಾ ವೃತ್ತಾಕಾರವಾಗಿ ಚಲಿಸುತ್ತಿರುವುದೆಂಬ ಮಾತೂ ಉಂಟು. ಆ ಮಾತು ಮೊದಲ ವರ್ಷದ್ದೋ, ಅನಂತರ ಸೇರಿಸಿದುದೋ ಎಂಬ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಮಗೆ ಅದರ ನಿರ್ಣಯ ಅನಾವಶ್ಯಕ. ದತ್ತಿಯ ವೇದಿಕೆಯಲ್ಲಿ ವರ್ಷಗಟ್ಟಲೆ ಪಾಕಗೊಂಡ ವಿಚಾರವು 1628 ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ 72 ಪುಟಗಳ ಒಂದು ಕಿರುಗ್ರಂಥವಾಗಿ ಅಚ್ಚಾಯಿತೆಂಬುದಷ್ಟೇ ಸಾಕು.

ರಕ್ತಪರಿಚಲನೆಯೆಂದೊಡನೆ ನಮ್ಮ ಶಾಲೆಯ ಮಕ್ಕಳು ಹೃದಯವನ್ನು ನೆನೆಯುತ್ತಾರೆ. ಹೃದಯವು ಸಂಕೋಚಿಸಿ ರಕ್ತವನ್ನು ಹೊರಕ್ಕೆ ತಳ್ಳುವುದನ್ನು ಬಣ್ಣದ ಚಿತ್ರದಲ್ಲಿ ಗುರುತಿಸುತ್ತಾರೆ. ನೀಲಿ ಬಣ್ಣದ ಗೆರೆಗಳು ಅದನ್ನು ಹಿಂದಕ್ಕೆ ತರುತ್ತವೆಯೆಂದು ಒಂದೇ ವಾಕ್ಯದಲ್ಲಿ ಹೇಳಿ ಪಾಠವನ್ನು ಮುಗಿಸುತ್ತಾರೆ. ತಳ್ಳುವುದಕ್ಕೆ ಒಂದು ಅಧ್ಯಾಯ, ಮರಳುವುದಕ್ಕೆ ಒಂದು ವಾಕ್ಯ. ಈ ಹಂಚಿಕೆ ನ್ಯಾಯವಲ್ಲವೆಂಬುದೇ ಈ ಸಂಜೆ ನಾನು ನಿಮ್ಮ ಮುಂದೆ ನಿವೇದಿಸಬೇಕೆಂದಿರುವ ವಿಷಯ. ರಕ್ತದ ಹೊರಪಯಣವನ್ನು ಪ್ರಾಚೀನರು ಅರೆಬರೆಯಾಗಿಯಾದರೂ ಅರಿತಿದ್ದರು. ಅವರಿಗೆ ತಿಳಿಯದೆ ಉಳಿದುದು ಮರುಪಯಣ. ಹಾರ್ವೆ ಕಂಡುಹಿಡಿದುದೂ ಅದನ್ನೇ. ಅವನ ಅನಂತರ ಹೃದಯದ ವರ್ತನೆಯನ್ನು ಕುರಿತು ನಮಗೆ ದೊರೆತಿರುವ ಅತ್ಯಂತ ಆಳವಾದ ತಿಳಿವಳಿಕೆಯೂ, ಹೃದಯಕ್ಕೆ ಎಷ್ಟು ಮರಳಿ ಬರುತ್ತದೆಂಬ ಪ್ರಶ್ನೆಯಿಂದಲೇ ಹುಟ್ಟಿತು.

ಮೊದಲು ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ನೋಡಿಬಿಡೋಣ. ಮಾಂಸದಂಗಡಿಯಲ್ಲಿ ದೊರೆಯುವ ಕುರಿಯ ಗುಂಡಿಗೆಯು ಮನುಷ್ಯನದಕ್ಕಿಂತ ಬಹಳ ಭಿನ್ನವಾದುದಲ್ಲ. ಮಡಿವಂತರು ಕ್ಷಮಿಸಬೇಕು, ಶರೀರಶಾಸ್ತ್ರದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇರೊಂದಿಲ್ಲ. ಅದನ್ನು ಅಡ್ಡವಾಗಿ ಕೊಯ್ದರೆ ಹೃತ್ಕುಕ್ಷಿಗಳೆಂಬ ಎರಡು ಕೋಣೆಗಳು ಕಾಣುತ್ತವೆ: ಎಡಗಡೆಯದು ದುಂಡಗೆ, ಬಲಗಡೆಯದಕ್ಕಿಂತ ಸುಮಾರು ಮೂರರಷ್ಟು ದಪ್ಪನೆಯ ಗೋಡೆಯುಳ್ಳದ್ದು, ಬಲಗಡೆಯದು ತೆಳ್ಳಗೆ, ಎಡದರ ಮೈಗೆ ಅಂಟಿಕೊಂಡು ಅರ್ಧಚಂದ್ರಾಕಾರವಾಗಿ ಬಾಗಿರುವಂಥದು. ಎರಡರ ನಡುವೆ ಮಾಂಸದ ಗಟ್ಟಿ ಗೋಡೆ. ಬಲಭಾಗವು ತಳ್ಳಬೇಕಾದುದು ಹತ್ತಿರದಲ್ಲಿರುವ ಶ್ವಾಸಕೋಶಗಳಿಗೆ. ಎಡಭಾಗವು ತಳ್ಳಬೇಕಾದುದು ನೆತ್ತಿಯಿಂದ ಅಂಗಾಲಿನವರೆಗೆ. ಗೋಡೆಗಳ ದಪ್ಪದಲ್ಲಿನ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಇನ್ನು ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿಯ ಮೋಟನ್ನು ಮೇಲ್ಮುಖವಾಗಿ ಹಿಡಿದು ಅದರೊಳಕ್ಕೆ ಒಂದು ಲೋಟ ನೀರನ್ನು ಮೆಲ್ಲಗೆ ಹೊಯ್ದುನೋಡಿ. ಬುಡದಲ್ಲಿರುವ ಮೂರು ಜೇಬಿನಾಕಾರದ ಪೊರೆಗಳು ನೀರು ತುಂಬಿಕೊಂಡು ಉಬ್ಬಿ, ಒಂದಕ್ಕೊಂದು ತಗುಲಿ, ಮುಚ್ಚಿಕೊಳ್ಳುತ್ತವೆ. ನೀರು ಕೆಳಗಿಳಿಯದೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರಿನ ಮಟ್ಟ ತುಸು ತುಸುವೇ ಇಳಿಯುವುದನ್ನು ಕಂಡು ಕವಾಟ ಸೋರುತ್ತಿದೆಯೆಂದು ಭಾವಿಸಬಾರದು. ಆ ಪೊರೆಗಳ ಮೇಲ್ಭಾಗದಲ್ಲಿ ಕಾಳುಮೆಣಸಿನ ಗಾತ್ರಕ್ಕೂ ಕಿರಿದಾದ ಎರಡು ರಂಧ್ರಗಳಿವೆ, ಹೃದಯವು ತನ್ನ ಸ್ವಂತ ಪೋಷಣೆಗೆಂದು ರಕ್ತವನ್ನು ಪಡೆಯುವ ನಾಳಗಳ ಬಾಯಿಗಳವು, ನೀರು ಇಂಗುವುದು ಆ ದಾರಿಯಿಂದ. ಸತ್ತ ಪ್ರಾಣಿಯ ಹೃದಯದಲ್ಲಿಯೂ ಕವಾಟ ತನ್ನ ಕೆಲಸವನ್ನು ಮಾಡುತ್ತದೆಂಬುದನ್ನು ಗಮನಿಸಬೇಕು. ಅದಕ್ಕೆ ನರದ ಆಜ್ಞೆಯಾಗಲಿ ಸ್ನಾಯುವಿನ ಎಳೆತವಾಗಲಿ ಬೇಡ, ಹಿಂದಕ್ಕೆ ಬರುವ ದ್ರವದ ಭಾರವೇ ಬಾಗಿಲನ್ನು ಮುಚ್ಚುತ್ತದೆ.

ಇಷ್ಟನ್ನೂ ಕೈಯಲ್ಲಿ ಹಿಡಿದು ನೋಡಿದವರು ಹಾರ್ವೆಗಿಂತ ಹಿಂದೆಯೂ ಇದ್ದರು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೆರ್ಗಮಮ್ ನಗರದ ಗೇಲನ್ ಮಹಾಶಯನು ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ಕಟ್ಟಿ, ನಡುವೆ ಸೀಳಿ, ಅದರೊಳಗಿರುವುದು ಗಾಳಿಯಲ್ಲ, ರಕ್ತವೇ ಎಂದು ತೋರಿಸಿಕೊಟ್ಟ ಪ್ರಯೋಗಶೀಲ. ಆದರೆ ಉಂಡ ಅನ್ನವು ಯಕೃತ್ತಿನಲ್ಲಿ ರಕ್ತವಾಗಿ ಪರಿಣಮಿಸಿ, ಅಲ್ಲಿಂದ ಅಭಿಧಮನಿಗಳ ಮೂಲಕ ಅಂಗಾಂಗಗಳಿಗೆ ಹರಿದು, ಅಲ್ಲಿಯೇ ವ್ಯಯವಾಗಿಬಿಡುತ್ತದೆಯೆಂದು ಅವನ ಸಿದ್ಧಾಂತ. ಅದರಲ್ಲಿ ಒಂದಂಶವು ಹೃದಯದ ಬಲಭಾಗಕ್ಕೆ ಬಂದು, ನಡುಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಜಿನುಗಿ, ಶ್ವಾಸಕೋಶದಿಂದ ಬಂದ ಪ್ರಾಣವಾಯುವಿನೊಡನೆ ಕೂಡಿ ಅಪಧಮನಿಗಳನ್ನು ಹೊಗುತ್ತದೆ. ಹೊಲಕ್ಕೆ ಬಿಟ್ಟ ನೀರು ಇಂಗಿಹೋಗುವುದೇ ಹೊರತು ಕೆರೆಗೆ ಮರಳದು. ಗೇಲನ್ನನ ರಕ್ತದ ಗತಿಯೂ ಹಾಗೆಯೇ. ಈ ಮತವು ಸುಮಾರು ಹದಿನಾಲ್ಕು ಶತಮಾನಗಳ ಕಾಲ ಯುರೋಪಿನಲ್ಲಿಯೂ ಅರಬರಲ್ಲಿಯೂ ಪ್ರಮಾಣವೆಂದು ನಡೆಯಿತು.

ನಡುಗೋಡೆಯಲ್ಲಿ ರಂಧ್ರಗಳಿಲ್ಲವೆಂದು ನಿಸ್ಸಂಕೋಚವಾಗಿ ಬರೆದವರಲ್ಲಿ ಮೊದಲಿಗನು, ದಮಾಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದು 1288 ರಲ್ಲಿ ಮಡಿದ ಇಬ್ನ್ ಅಲ್-ನಫೀಸ್. ಬಲಗಡೆಯ ರಕ್ತವು ಶ್ವಾಸಕೋಶವನ್ನು ಹಾದೇ ಎಡಕ್ಕೆ ಬರಬೇಕೆಂದು ಅವನು ವಾದಿಸಿದನು. ಅವನ ಗ್ರಂಥ ಕಪಾಟುಗಳಲ್ಲಿ ಮಲಗಿದ್ದು, 1924 ರಲ್ಲಿ ಅಲ್-ತತಾವಿ ಎಂಬ ಈಜಿಪ್ಟಿನ ವೈದ್ಯನ ದೃಷ್ಟಿಗೆ ಬರ್ಲಿನ್ನಿನ ಪುಸ್ತಕಭಂಡಾರವೊಂದರಲ್ಲಿ ಬೀಳುವವರೆಗೆ ಪಾಶ್ಚಾತ್ಯರಿಗೆ ಅದರ ಮಹತ್ತ್ವ ತಿಳಿದಿರಲಿಲ್ಲ. ಯುರೋಪಿನಲ್ಲಿ ಅದೇ ಮಾತನ್ನಾಡಿದ ಸರ್ವೀಟಸ್ ಎಂಬಾತನನ್ನು 1553 ರಲ್ಲಿ ಜಿನೀವಾದಲ್ಲಿ ಸುಟ್ಟರು. ಸುಟ್ಟುದು ಶರೀರಶಾಸ್ತ್ರಕ್ಕಾಗಿ ಅಲ್ಲ, ದೇವತಾಶಾಸ್ತ್ರಕ್ಕಾಗಿ. 1559 ರಲ್ಲಿ ಕೊಲಂಬೊ ಎಂಬ ಅಂಗರಚನಾಶಾಸ್ತ್ರಜ್ಞನು ಅದನ್ನೇ ಮತ್ತೆ ಹೇಳಿದನು. ಹೀಗೆ ಶ್ವಾಸಕೋಶದ ಮೂಲಕ ಸಾಗುವ ಕಿರಿಯ ಸುತ್ತು ತಿಳಿಯಿತು. ಆದರೆ ಇಡಿಯ ದೇಹದ ಹಿರಿಯ ಸುತ್ತನ್ನು ಯಾರೂ ಸಾಧಿಸಿ ತೋರಿಸಲಿಲ್ಲ, ಏಕೆಂದರೆ ಅಭಿಧಮನಿಗಳಲ್ಲಿ ರಕ್ತವು ಹೃದಯದ ಕಡೆಯಿಂದ ಹೊರಮುಖವಾಗಿ ಹರಿಯುತ್ತದೆಂಬ ನಂಬಿಕೆಗೆ ಬಹುತೇಕ ಯಾರೂ ಕೈಹಚ್ಚಲಿಲ್ಲ.

ಹಾರ್ವೆಯು ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಓದಿ 1602 ರಲ್ಲಿ ಪದವಿಯನ್ನು ಪಡೆದವನು. ಅಲ್ಲಿ ಅವನ ಗುರು ಫ್ಯಾಬ್ರೀಷಿಯಸ್ ಎಂಬ ವೃದ್ಧ ಆಚಾರ್ಯ. ಈತನು ಅಭಿಧಮನಿಗಳ ಒಳಗೆ ಅಲ್ಲಲ್ಲಿ ಸಣ್ಣ ಪೊರೆಯ ಬಾಗಿಲುಗಳಿರುವುದನ್ನು ಶಿಷ್ಯರಿಗೆ ತೋರಿಸುತ್ತಿದ್ದನು. 1603 ರಲ್ಲಿ ಅವುಗಳನ್ನು ಕುರಿತು ಸೊಗಸಾದ ಚಿತ್ರಗಳೊಡನೆ ಪುಸ್ತಕವನ್ನೂ ಪ್ರಕಟಿಸಿದನು. ಆ ಬಾಗಿಲುಗಳೆಲ್ಲವೂ ಹೃದಯದ ಕಡೆಗೇ ತೆರೆದುಕೊಳ್ಳುತ್ತವೆಂಬುದು ಅವನ ಚಿತ್ರಗಳಲ್ಲಿಯೇ ಸ್ಪಷ್ಟವಾಗಿದೆ. ಆದರೂ ರಕ್ತವು ಭಾರದಿಂದ ಕೈಕಾಲುಗಳಿಗೆ ಧುಮುಕಿ ಅಲ್ಲಿ ಊದಿಕೊಳ್ಳದಂತೆ, ಅದರ ವೇಗವನ್ನು ತಗ್ಗಿಸುವುದಕ್ಕಾಗಿ ಪ್ರಕೃತಿಯು ಅವುಗಳನ್ನಿಟ್ಟಿದೆಯೆಂದು ಆಚಾರ್ಯನು ಅರ್ಥ ಹೇಳಿದನು. ಕಣ್ಣಿನೆದುರಿಗೆ ಬಾಗಿಲು ಹಿಂದುಮುಂದಾಗಿ ನಿಂತಿದ್ದರೂ, ಗೇಲನ್ನನ ವಾಕ್ಯಕ್ಕೆ ಅದನ್ನು ಹೊಂದಿಸಿಕೊಂಡ ಈ ವಿದ್ವತ್ತು ನನಗೆ ಪರಿಚಿತವಾಗಿಯೇ ತೋರುತ್ತದೆ. ಅಂಥದು ನಮ್ಮ ಪಂಡಿತವರ್ಗದಲ್ಲಿಯೂ ಇಲ್ಲದಿಲ್ಲ. ವೃದ್ಧನಾಗಿದ್ದ ಹಾರ್ವೆಯನ್ನು ಕಂಡು ಮಾತನಾಡಿದ ರಾಬರ್ಟ್ ಬಾಯ್ಲ್, ಪರಿಚಲನೆಯ ಆಲೋಚನೆ ಹೊಳೆದುದು ಹೇಗೆಂದು ಕೇಳಲಾಗಿ, ಈ ಬಾಗಿಲುಗಳ ಇಡುವಿಕೆಯನ್ನು ಕಂಡು ಹೊಳೆಯಿತೆಂದು ಹಾರ್ವೆ ಉತ್ತರಿಸಿದುದಾಗಿ ಬರೆದಿದ್ದಾನೆ.

ಹಾರ್ವೆ ಮಾಡಿದ ಪರೀಕ್ಷೆಗೆ ಉಪಕರಣವೆಂದರೆ ಒಂದು ಬಟ್ಟೆಯ ಪಟ್ಟಿ ಮತ್ತು ಎರಡು ಬೆರಳು. ಸಣಕಲು ಮೈಯ, ರಕ್ತನಾಳಗಳು ಎದ್ದು ತೋರುವ ಮನುಷ್ಯನೊಬ್ಬನ ಮೊಣಕೈಗಿಂತ ಮೇಲೆ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಂತುಹೋಗುತ್ತದೆ. ಕೈ ಬಿಳಿಚಿ ತಣ್ಣಗಾಗುತ್ತದೆ. ಆದರೆ ಅಭಿಧಮನಿಗಳು ಉಬ್ಬುವುದಿಲ್ಲ. ಈಗ ಕಟ್ಟನ್ನು ಕೊಂಚ ಸಡಿಲಿಸಿ: ನಾಡಿ ಮತ್ತೆ ಮಿಡಿಯುತ್ತದೆ, ಅಂಗೈ ಕೆಂಪೇರಿ ಬೆಚ್ಚಗಾಗುತ್ತದೆ, ಕಟ್ಟಿನ ಕೆಳಗಡೆಯ ಅಭಿಧಮನಿಗಳು ದಪ್ಪನಾಗಿ ಉಬ್ಬಿ ನಿಲ್ಲುತ್ತವೆ; ಕಟ್ಟಿನ ಮೇಲ್ಗಡೆ ಹಾಗೆ ಉಬ್ಬುವುದಿಲ್ಲ. ಅಂದರೆ ಆಳದಲ್ಲಿರುವ ಅಪಧಮನಿಯ ದಾರಿ ತೆರೆದಿದೆ, ಮೇಲ್ಮೈಯಲ್ಲಿರುವ ಅಭಿಧಮನಿಯ ದಾರಿ ಮುಚ್ಚಿದೆ. ಬಂದ ರಕ್ತಕ್ಕೆ ಹೋಗಲು ಎಡೆಯಿಲ್ಲ. ಉಬ್ಬಿದ ನಾಳದ ಉದ್ದಕ್ಕೂ ಅಲ್ಲಲ್ಲಿ ಕಬ್ಬಿನ ಗೆಣ್ಣಿನಂತೆ ಗಂಟುಗಳು ಕಾಣುತ್ತವೆ; ಅವೇ ಕವಾಟಗಳಿರುವ ಸ್ಥಾನಗಳು. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ನಾಳವನ್ನು ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ, ಮುಂದಿನ ಗಂಟನ್ನು ದಾಟುವಂತೆ, ಸವರಿಕೊಂಡು ಹೋಗಿ. ಬಳಿಕ ಮೇಲಿನ ಬೆರಳನ್ನು ಎತ್ತಿ. ಗಂಟಿನವರೆಗಿನ ನಾಳ ಬರಿದಾಗಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಗಂಟಿನ ಮೇಲೆ ತುಂಬಿರುವ ರಕ್ತ ಒಂದು ಹನಿಯೂ ಕೆಳಗಿಳಿಯುವುದಿಲ್ಲ. ಬಲಾತ್ಕಾರವಾಗಿ ಕೆಳಕ್ಕೆ ಒತ್ತಿದರೆ ಗಂಟು ಇನ್ನಷ್ಟು ಊದಿಕೊಳ್ಳುತ್ತದೆಯೇ ವಿನಾ ದಾರಿ ಕೊಡದು. ಕೆಳಗಿನ ಬೆರಳನ್ನು ಎತ್ತಿದ ಕ್ಷಣವೇ ನಾಳವು ಮಣಿಕಟ್ಟಿನ ಕಡೆಯಿಂದ ಸರ್ರನೆ ತುಂಬಿಕೊಳ್ಳುತ್ತದೆ. ಸಭೆಯಲ್ಲಿರುವ ತರುಣರು ಮನೆಗೆ ಹೋದಮೇಲೆ ತಮ್ಮ ತೋಳಿನ ಮೇಲೆಯೇ ಇದನ್ನು ಮಾಡಿ ನೋಡಬಹುದು. ಗೇಲನ್ನನಿಂದ ಹಿಡಿದು ಫ್ಯಾಬ್ರೀಷಿಯಸ್ಸನವರೆಗೆ ಎಲ್ಲರಿಗೂ ಎರಡು ಕೈಗಳೂ ಹತ್ತು ಬೆರಳುಗಳೂ ಇದ್ದುವು.

ಆದರೆ ಬೆರಳಿನ ಪರೀಕ್ಷೆಗಿಂತಲೂ ಹಾರ್ವೆಯ ಲೆಕ್ಕವೇ ನನಗೆ ಅಧಿಕವಾದ ಬೆರಗನ್ನುಂಟುಮಾಡುತ್ತದೆ. ಶವವೊಂದರ ಎಡ ಹೃತ್ಕುಕ್ಷಿಯಲ್ಲಿ ಎರಡು ಔನ್ಸಿಗೂ ಮೇಲ್ಪಟ್ಟು ರಕ್ತ ಹಿಡಿಸಿದುದನ್ನು ಅವನು ಕಂಡಿದ್ದನು. ವಾದಕ್ಕಾಗಿ ಒಂದೊಂದು ಮಿಡಿತಕ್ಕೆ ಅರ್ಧ ಔನ್ಸು ಮಾತ್ರ ಹೊರಬೀಳುವುದೆನ್ನೋಣ. ಅರ್ಧ ಗಂಟೆಯಲ್ಲಿ ಹೃದಯ ಸಾವಿರ ಸಲ ಮಾತ್ರ ಮಿಡಿಯುವುದೆನ್ನೋಣ. ಆಗಲೂ ಅರ್ಧ ಗಂಟೆಯಲ್ಲಿ ಹೃದಯವನ್ನು ಹಾದುಹೋದ ರಕ್ತ 500 ಔನ್ಸು. ಕುರಿಯೊಂದನ್ನು ಕೊಂದು ಅದರ ರಕ್ತವನ್ನೆಲ್ಲಾ ಹಿಡಿದು ಅಳೆದಾಗ ನಾಲ್ಕು ಪೌಂಡಿಗೆ ಮೀರಿರಲಿಲ್ಲವೆಂದು ಅವನೇ ಹೇಳುತ್ತಾನೆ. ದೇಹದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಅಧಿಕವಾದ ರಕ್ತ ಅರ್ಧ ಗಂಟೆಯೊಳಗೆ ಹೃದಯವನ್ನು ಹಾದುಹೋಗುವುದಾದರೆ ಅದು ಬರುವುದೆಲ್ಲಿಂದ? ಎಂಥ ಹೊಟ್ಟೆಬಾಕನೂ ಅಷ್ಟು ಅನ್ನವನ್ನುಣ್ಣಲಾರ. ಹೋದ ರಕ್ತ ಇಂಗಿಹೋಗುವುದಾದರೆ ಎಂಥ ದೇಹವೂ ಅಷ್ಟನ್ನು ಹೀರಲಾರದು. ಆದುದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು, ಬೇರೆ ಗತಿಯಿಲ್ಲ.

ಇಂದಿನ ಅಳತೆಗಳ ಪ್ರಕಾರ ವಿಶ್ರಾಂತಿಯಲ್ಲಿರುವ ಪ್ರೌಢ ಮನುಷ್ಯನ ಹೃದಯವು ಮಿಡಿತಕ್ಕೆ ಸುಮಾರು 70 ಮಿ.ಲೀ. ನಂತೆ, ನಿಮಿಷಕ್ಕೆ ಸುಮಾರು 70 ಸಲ, ಒಟ್ಟು ಐದು ಲೀಟರಿನಷ್ಟು ರಕ್ತವನ್ನು ತಳ್ಳುತ್ತದೆ. ದೇಹದಲ್ಲಿರುವ ರಕ್ತವೂ ಸುಮಾರು ಐದು ಲೀಟರೇ. ಹಾರ್ವೆಯ ಅಂಕಿಗಳನ್ನು ಇದರೊಡನೆ ತೂಗಿ ನೋಡಿದರೆ ಅವು ನಿಜಸಂಗತಿಯ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತವೆ. ಅಂಕಿ ಅಷ್ಟು ತಪ್ಪಾಗಿದ್ದರೂ ನಿರ್ಣಯ ಸರಿಯಾದುದು ಅದೃಷ್ಟವಶದಿಂದಲ್ಲ. ಪ್ರತಿವಾದಿಯು ಇನ್ನಷ್ಟು ಕಡಮೆಯೆನ್ನಲು ಆಸ್ಪದವಿಲ್ಲದಂತೆ ಅವನು ಉದ್ದೇಶಪೂರ್ವಕವಾಗಿ ಅತ್ಯಲ್ಪವಾದ ಪ್ರಮಾಣವನ್ನು ಹಿಡಿದನು. ನ್ಯಾಯಾಲಯದಲ್ಲಿ ಪಳಗಿದ ವಕೀಲರು ಇದರ ಮರ್ಮವನ್ನು ನನಗಿಂತ ಚೆನ್ನಾಗಿ ಬಲ್ಲರು.

ಇಲ್ಲಿ ನಮ್ಮ ದೇಶದ ಮಾತನ್ನು ಆಡದೆ ಬಿಟ್ಟರೆ ಸಭೆಯಲ್ಲಿ ಕೆಲವರಿಗಾದರೂ ಅಸಮಾಧಾನವಾದೀತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೃದಯವನ್ನು ಮೂಲವಾಗುಳ್ಳ ಹತ್ತು ಮಹಾನಾಳಗಳ ಪ್ರಸ್ತಾಪವಿದೆ. ತಂಜಾವೂರಿನಲ್ಲಿ ಶಿಥಿಲವಾದ ಹಸ್ತಪ್ರತಿಯಾಗಿ ಉಳಿದುಬಂದ ಭೇಲಸಂಹಿತೆಯಲ್ಲಿ, ರಸವು ಹೃದಯದಿಂದ ಹೊರಟು ಸರ್ವತ್ರ ಸಾಗಿ ಸಿರೆಗಳ ಮೂಲಕ ಹೃದಯವನ್ನೇ ಸೇರುತ್ತದೆಂಬ ಅರ್ಥದ ಮಾತೂ ಇದೆ. ಮರುಪಯಣದ ಕಲ್ಪನೆ ಅಲ್ಲಿ ಹೊಳೆದುದು ನಿಜ. ಅದನ್ನು ಓದಿ ಹೆಮ್ಮೆಪಡುವುದರಲ್ಲಿ ದೋಷವಿಲ್ಲ. ಆದರೆ ಅದು ಹೊಳೆದ ಮಾತು, ಸಾಧಿಸಿದ ಮಾತಲ್ಲ. ತೋಳಿಗೆ ಕಟ್ಟಿದ ಪಟ್ಟಿಯೂ ಇಲ್ಲ, ಔನ್ಸಿನ ಲೆಕ್ಕವೂ ಇಲ್ಲ. ಆ ಒಂದು ವಾಕ್ಯವನ್ನು ಹಿಡಿದು ಹಾರ್ವೆಯ ಕೀರ್ತಿಯನ್ನು ಕಸಿದುಕೊಳ್ಳಹೊರಡುವುದು ಭೇಲನಿಗೂ ಗೌರವವನ್ನು ತರುವ ಕೆಲಸವಲ್ಲ.

ಹಾರ್ವೆಯ ಸಿದ್ಧಾಂತದಲ್ಲಿ ಒಂದು ಕೊರತೆಯಿತ್ತು. ಅಪಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತ ದಾಟುವುದು ಹೇಗೆ? ಮಾಂಸದ ಸಂದುಗಳಲ್ಲಿ ಜಿನುಗಿ ದಾಟುತ್ತದೆಂದು ಹೇಳಿ ಅವನು ಮುಂದುವರಿದನು. ಅದನ್ನು ಕಾಣುವ ಸಾಧನ ಅವನಲ್ಲಿರಲಿಲ್ಲ. ಅವನು ಗತಿಸಿದುದು 1657 ರಲ್ಲಿ. ನಾಲ್ಕು ವರ್ಷಗಳ ಬಳಿಕ, 1661 ರಲ್ಲಿ, ಬೊಲೋನ್ಯಾದ ಮಾರ್ಚೆಲ್ಲೊ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರಕ್ತವು ಸಂದುಗಳಲ್ಲಿ ಚೆಲ್ಲಾಡದೆ, ಅತಿ ಸೂಕ್ಷ್ಮವಾದ ನಾಳಗಳ ಜಾಲದಲ್ಲಿ ಹರಿದು ಅಪಧಮನಿಯಿಂದ ಅಭಿಧಮನಿಗೆ ದಾಟುವುದನ್ನು ಕಂಡನು. ಇವೇ ಲೋಮನಾಳಗಳು. ಕೆಂಪು ರಕ್ತಕಣವು ಸುಮಾರು ಏಳೂವರೆ ಮೈಕ್ರಾನು ಅಗಲವಿದೆ; ಎಷ್ಟೋ ಲೋಮನಾಳಗಳು ಅದಕ್ಕಿಂತಲೂ ಇಕ್ಕಟ್ಟಾಗಿರುವುದರಿಂದ ಕಣಗಳು ಮೈಯನ್ನು ಮಡಿಸಿಕೊಂಡು, ಒಂದರ ಹಿಂದೆ ಒಂದರಂತೆ ನುಸುಳಿ ಹೋಗಬೇಕು. ಮಹಾಪಧಮನಿಯಲ್ಲಿ ಸೆಕೆಂಡಿಗೆ ಹಲವು ಅಂಗುಲ ಓಡುವ ರಕ್ತವು ಇಲ್ಲಿ ಸೆಕೆಂಡಿಗೆ ಒಂದು ಮಿ.ಮೀ. ಕೂಡ ಸಾಗದು. ಆಮ್ಲಜನಕವನ್ನೂ ಆಹಾರಾಂಶವನ್ನೂ ಕೊಟ್ಟು ಇಂಗಾಲಾಮ್ಲವನ್ನು ಪಡೆಯುವ ವ್ಯಾಪಾರವೆಲ್ಲ ಈ ಒಂದೆರಡು ಕ್ಷಣಗಳಲ್ಲಿಯೇ ಮುಗಿಯಬೇಕಾದುದು. ಹೃದಯವೂ ಹೆದ್ದಾರಿಯಂಥ ನಾಳಗಳೂ ಇರುವುದು ಈ ಕ್ಷಣಗಳಿಗಾಗಿಯೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಲೋಮನಾಳಗಳನ್ನು ದಾಟಿದ ರಕ್ತದಲ್ಲಿ ಎಷ್ಟು ಕಸುವು ಉಳಿದಿರುತ್ತದೆ? ಇದನ್ನು ಮೊದಲು ಅಳೆದವನು ಟೆಡಿಂಗ್‌ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್. ಹೆಣ್ಣುಕುದುರೆಯೊಂದನ್ನು ಕೆಡವಿ ಕಟ್ಟಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ತೂರಿಸಿ, ಅದಕ್ಕೆ ಗಾಜಿನ ನೀಳ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿ ಮೂರು ಅಂಗುಲ ಎತ್ತರಕ್ಕೇರಿತು. ಕೊರಳಿನ ಅಭಿಧಮನಿಗೆ ಜೋಡಿಸಿದಾಗಲಾದರೋ ಏರಿದುದು ಸುಮಾರು ಒಂದು ಅಡಿ. ಕುದುರೆ ಕೊಸರಾಡಿದಾಗ ಮಾತ್ರ ಅದು ಇನ್ನೂ ಮೇಲಕ್ಕೆ ಜಿಗಿಯುತ್ತಿತ್ತು. ಧರ್ಮಬೋಧಕನು ಹೀಗೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಅವನ ಕಾಲದವರೂ ಎತ್ತಿದರು. 1733 ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ಒಂದಂಶ ಮಾತ್ರ ಖಚಿತವಾಯಿತು: ಹೃದಯ ಕೊಟ್ಟ ನೂಕು ದಾರಿಯಲ್ಲಿಯೇ ಬಹುಮಟ್ಟಿಗೆ ಸವೆದುಹೋಗುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮಹಾಪಧಮನಿಯಲ್ಲಿ ಸರಾಸರಿ ಪಾದರಸದ 95 ಮಿ.ಮೀ. ನಷ್ಟಿರುವ ಒತ್ತಡವು ಲೋಮನಾಳದ ಹೊಸ್ತಿಲಲ್ಲಿ 35 ಕ್ಕೂ, ಅದರ ಹಿತ್ತಿಲಲ್ಲಿ 15 ಕ್ಕೂ ಇಳಿದು, ಹೃದಯದ ಬಲಗಡೆಯ ಮೇಲಿನ ಕೋಣೆಯಾದ ಬಲ ಹೃತ್ಕರ್ಣವನ್ನು ಸೇರುವ ಹೊತ್ತಿಗೆ ಸೊನ್ನೆಗೆ ಸಮೀಪವಾಗಿರುತ್ತದೆ.

ಮಲಗಿದವನಿಗೆ ಈ ಅಲ್ಪಶೇಷವೇ ಸಾಕು. ಎದ್ದು ನಿಂತವನ ಸ್ಥಿತಿ ಬೇರೆ. ಅವನ ಪಾದದಿಂದ ಹೃದಯದವರೆಗೆ ರಕ್ತದ ಉದ್ದನೆಯ ಕಂಬವೊಂದು ನಿಂತುಕೊಳ್ಳುತ್ತದೆ. ಅಲುಗಾಡದೆ ನಿಂತರೆ ಪಾದದ ಅಭಿಧಮನಿಯಲ್ಲಿ ಒತ್ತಡ 90 ರ ಸಮೀಪಕ್ಕೇರುತ್ತದೆ. ಅದೇ ಮನುಷ್ಯ ನಾಲ್ಕು ಹೆಜ್ಜೆ ನಡೆದನೆಂದರೆ ಅದು 30 ಕ್ಕೂ ಕೆಳಗೆ ಬೀಳುತ್ತದೆ. ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿದು ತಮ್ಮ ನಡುವಿನ ಅಭಿಧಮನಿಗಳನ್ನು ಹಿಂಡುತ್ತವೆ. ಫ್ಯಾಬ್ರೀಷಿಯಸ್ಸನ ಬಾಗಿಲುಗಳಿರುವುದರಿಂದ ಹಿಂಡಿದ ರಕ್ತಕ್ಕೆ ಮೇಲಕ್ಕಲ್ಲದೆ ಬೇರೆ ದಾರಿಯಿಲ್ಲ. ಉಸಿರೆಳೆದಾಗ ವಪೆಯು ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ, ಎದೆಯೊಳಗಿನ ಒತ್ತಡ ತಗ್ಗುತ್ತದೆ, ರಕ್ತವು ಹೊಟ್ಟೆಯಿಂದ ಎದೆಗೆ ಸೆಳೆಯಲ್ಪಡುತ್ತದೆ. ಹೀಗೆ ಕಾಲಿನಲ್ಲಿ ಒಂದು, ಎದೆಯಲ್ಲಿ ಒಂದು, ಬೇರೆ ಎರಡು ಯಂತ್ರಗಳು ಹೃದಯದ ಹೆಸರು ಹೇಳಿಕೊಂಡು ದುಡಿಯುತ್ತಿರುತ್ತವೆ. ದಿನವೆಲ್ಲ ನಿಂತೇ ಇರಬೇಕಾದ ಬಸ್ಸಿನ ಕಂಡಕ್ಟರು, ಹೋಟೆಲಿನ ಮಾಣಿ, ನೇಯ್ಗೆಯ ಕಾರ್ಖಾನೆಯ ಕೆಲಸಗಾರ ಇವರಲ್ಲಿ ಕೆಲವರಿಗೆ ಕಾಲಕ್ರಮದಲ್ಲಿ ಬಾಗಿಲುಗಳು ಸಡಿಲವಾಗಿ, ಕಾಲಿನಲ್ಲಿ ನರ ಗಂಟುಗಟ್ಟಿದೆಯೆಂದು ಜನ ಹೇಳುವ ಆ ನೀಲಿಯ ಉಬ್ಬುಗಳು ಕಾಣಿಸಿಕೊಳ್ಳುತ್ತವೆ.

ಕವಾಯತಿನಲ್ಲಿ ಬಿಸಿಲಿನಲ್ಲಿ ಅಲುಗಾಡದೆ ನಿಂತ ಗಟ್ಟಿಮುಟ್ಟಾದ ಸಿಪಾಯಿಯು ಒಮ್ಮೆಲೇ ಕುಸಿದುಬೀಳುವುದುಂಟು. ಅವನ ಹೃದಯಕ್ಕೆ ಏನೂ ದೋಷವಿಲ್ಲ. ರಕ್ತವು ಕಾಲಿನಲ್ಲಿ ತಂಗಿ, ಹೃದಯಕ್ಕೆ ಬರತಕ್ಕುದು ಬಾರದೆಹೋಯಿತು. ಬಾರದುದನ್ನು ಹೃದಯ ಮಿದುಳಿಗೆ ಕಳುಹಿಸಲಾರದು. ಬೀಳುವುದೇ ಅದಕ್ಕೆ ಪ್ರಕೃತಿಯ ಚಿಕಿತ್ಸೆ, ಏಕೆಂದರೆ ಮಲಗಿದೊಡನೆ ಕಂಬವು ಇಲ್ಲವಾಗುತ್ತದೆ. ಸುತ್ತಲಿನ ಜನ ಕರುಣೆಯಿಂದ ಧಾವಿಸಿ, ಅವನನ್ನು ಎತ್ತಿ ಕುರ್ಚಿಯಲ್ಲಿ ಕುಳ್ಳಿರಿಸಿ, ಮುಖಕ್ಕೆ ನೀರು ಚಿಮುಕಿಸಿ, ಆ ಚಿಕಿತ್ಸೆಯನ್ನು ಕೆಡಿಸುತ್ತಾರೆ. ದಯಮಾಡಿ ಹಾಗೆ ಮಾಡಬೇಡಿ; ಮಲಗಿಸಿಯೇ ಬಿಟ್ಟು ಕಾಲುಗಳನ್ನು ಎತ್ತಿ ಹಿಡಿಯಿರಿ.

ಹೃದಯವು ತಾನೇ ನಿಶ್ಚಯಿಸಿ ಇಷ್ಟು ರಕ್ತವೆಂದು ಕಳುಹಿಸುತ್ತದೆಯೋ, ಬಂದುದನ್ನು ಬಂದಷ್ಟು ಕಳುಹಿಸುತ್ತದೆಯೋ? ಇದಕ್ಕೆ ಉತ್ತರವನ್ನು ಕೊಟ್ಟವನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್. ಅದಕ್ಕೆ ಮೊದಲು, 1895 ರಲ್ಲಿ, ಜರ್ಮನಿಯ ಆಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿ ಅದರ ಸೂಚನೆಯನ್ನು ಕಂಡಿದ್ದನು. ಸ್ಟಾರ್ಲಿಂಗ್ ನಾಯಿಯ ಹೃದಯವನ್ನೂ ಶ್ವಾಸಕೋಶವನ್ನೂ ಉಳಿದ ದೇಹದಿಂದ ಪ್ರತ್ಯೇಕಿಸಿ, ಒಳಬರುವ ರಕ್ತವನ್ನು ತಾನೇ ಹೆಚ್ಚು ಕಡಮೆ ಮಾಡುತ್ತ ಹೋದನು. ಒಳಕ್ಕೆ ಹೆಚ್ಚು ಬಿಟ್ಟಷ್ಟೂ ಹೃದಯ ಹೆಚ್ಚು ಹೊರಹಾಕಿತು. ಎದುರೊತ್ತಡವನ್ನು ಏರಿಸಿದರೂ ಹಿಗ್ಗಿ, ಬಂದಷ್ಟನ್ನೂ ಮತ್ತೆ ಹೊರಹಾಕಿತು. ಸಂಕೋಚಿಸುವುದಕ್ಕೆ ಮುಂಚೆ ಹೃದಯದ ಸ್ನಾಯುತಂತು ಎಷ್ಟು ಹಿಗ್ಗಿರುತ್ತದೋ, ಒಂದು ಮಿತಿಯವರೆಗೆ, ಅದರ ಸಂಕೋಚದ ಶಕ್ತಿಯೂ ಅಷ್ಟು ಹೆಚ್ಚುವುದೆಂಬ ಈ ನಿಯಮವನ್ನು ಅವನು 1915 ರಲ್ಲಿ ಕೇಂಬ್ರಿಜ್ಜಿನಲ್ಲಿ ವಿವರಿಸಿದನು. ಅದೂ ಲಿನಕರ್ ಎಂಬ ವೈದ್ಯನ ಹೆಸರಿನ ದತ್ತಿ ಉಪನ್ಯಾಸದಲ್ಲಿಯೇ ಎಂದು ಈ ಸಂಜೆಯ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಕಾರ್ಯದರ್ಶಿಗಳ ಸಂತೋಷಕ್ಕಾಗಿ ತಿಳಿಸುತ್ತೇನೆ.

ಈ ನಿಯಮವಿಲ್ಲದೆ ನಾವು ಹತ್ತು ನಿಮಿಷವೂ ಬದುಕಲಾರೆವೆಂಬುದನ್ನು ಸಣ್ಣದೊಂದು ಗುಣಾಕಾರದಿಂದ ತಿಳಿಯಬಹುದು. ಹೃದಯದ ಬಲಭಾಗ ಎಡಭಾಗಕ್ಕಿಂತ ಮಿಡಿತಕ್ಕೆ ಒಂದೇ ಒಂದು ಮಿ.ಲೀ. ಹೆಚ್ಚಾಗಿ ತಳ್ಳಿತೆನ್ನಿ. ನಿಮಿಷಕ್ಕೆ 70 ಮಿ.ಲೀ. ರಕ್ತ ಶ್ವಾಸಕೋಶದಲ್ಲಿ ಮಿಕ್ಕಿತು. ಹತ್ತು ನಿಮಿಷಕ್ಕೆ 700. ಮನುಷ್ಯ ತನ್ನ ರಕ್ತದಲ್ಲಿ ತಾನೇ ಮುಳುಗಿದನು. ಹಾಗಾಗದಿರುವುದಕ್ಕೆ ಕಾರಣ, ಬಲಭಾಗ ಕಳುಹಿಸಿದ ಹೆಚ್ಚಳವು ಎಡಭಾಗವನ್ನು ಹಿಗ್ಗಿಸಿ, ಮುಂದಿನ ಕೆಲವು ಮಿಡಿತಗಳಲ್ಲಿಯೇ ಅದೂ ಅಷ್ಟನ್ನು ಕಳುಹಿಸುವಂತೆ ಮಾಡುವುದು. ಇದಕ್ಕೆ ನರಗಳ ನೆರವೂ ಅಗತ್ಯವಿಲ್ಲ. 1967 ರ ಅನಂತರ ಒಬ್ಬರ ಹೃದಯವನ್ನು ಮತ್ತೊಬ್ಬರಿಗೆ ಕಸಿಮಾಡುವುದು ಸಾಧ್ಯವಾಗಿದೆಯಷ್ಟೆ. ನರಗಳ ಸಂಬಂಧ ಕಡಿದುಹೋದ ಆ ಹೃದಯವೂ, ಅದರ ಒಡೆಯನು ಎದ್ದು ನಡೆಯತೊಡಗಿದಾಗ, ಕಾಲಿನ ಸ್ನಾಯುಗಳು ಹಿಂಡಿ ಕಳುಹಿಸಿದ ಹೆಚ್ಚಿನ ರಕ್ತವನ್ನು ಹೆಚ್ಚಾಗಿಯೇ ತಳ್ಳುತ್ತದೆ.

ಸ್ಟಾರ್ಲಿಂಗನು ಇದಕ್ಕೂ ಮೊದಲು, 1896 ರಲ್ಲಿ, ಲೋಮನಾಳದ ಗೋಡೆಯಲ್ಲಿ ನಡೆಯುವ ಜಗ್ಗಾಟವನ್ನು ವಿವರಿಸಿದ್ದನು. ರಕ್ತದ ಒತ್ತಡವು ನೀರನ್ನು ನಾಳದಿಂದ ಹೊರಕ್ಕೆ ದೂಡುತ್ತದೆ. ರಕ್ತದಲ್ಲಿ ಕರಗಿರುವ ಪ್ರೋಟೀನುಗಳು ಅದನ್ನು ಒಳಕ್ಕೆ ಸೆಳೆಯುತ್ತವೆ. ಹೊರಗುಳಿದ ಅಲ್ಪಾಂಶವನ್ನು ದುಗ್ಧರಸದ ನಾಳಗಳು ಸಂಗ್ರಹಿಸಿ ಕೊರಳಿನ ಬುಡದಲ್ಲಿ ಮತ್ತೆ ಅಭಿಧಮನಿಗೆ ಸೇರಿಸುತ್ತವೆ. ಹೃದಯ ದುರ್ಬಲವಾಗಿ, ಬಂದುದನ್ನು ಸಾಗಹಾಕಲಾರದೆ ಹೋದಾಗ, ಅಭಿಧಮನಿಗಳಲ್ಲಿ ರಕ್ತ ಹಿಂದೊತ್ತಿಕೊಂಡು ಈ ಸಮತೋಲ ತಪ್ಪುತ್ತದೆ. ಸಂಜೆಯ ಹೊತ್ತಿಗೆ ಪಾದಗಳು ಬಾತುಕೊಂಡು, ಹೆಬ್ಬೆರಳಿನಿಂದ ಒತ್ತಿದ ಕಡೆ ಗುಳಿ ಬಿದ್ದು ಹಾಗೆಯೇ ಉಳಿಯುವುದು, ಮಲಗಿದರೆ ಉಸಿರು ಕಟ್ಟಿದಂತಾಗಿ ದಿಂಬಿನ ಮೇಲೆ ದಿಂಬನ್ನಿಟ್ಟುಕೊಳ್ಳಬೇಕಾಗುವುದು, ಇವು ವೈದ್ಯನಿಗೆ ಹೃದಯದ ಸುದ್ದಿಯನ್ನು ತರುತ್ತವೆ. ಕೊರಳಿನ ಅಭಿಧಮನಿ ಎಷ್ಟು ಎತ್ತರದವರೆಗೆ ಉಬ್ಬಿದೆಯೆಂದು ವೈದ್ಯನು ರೋಗಿಯನ್ನು ಒರಗಿಸಿ, ಓರೆಗಣ್ಣಿನಿಂದ ನೋಡುವುದೂ ಇದಕ್ಕಾಗಿಯೇ. ಹೇಲ್ಸನ ಗಾಜಿನ ಕೊಳವೆಯ ಕೆಲಸವನ್ನು ಅಲ್ಲಿ ರೋಗಿಯ ಕೊರಳೇ ಮಾಡುತ್ತದೆ.

ಕಡೆಯದಾಗಿ ಅಭಿಧಮನಿಗಳ ಇನ್ನೊಂದು ಗುಣವನ್ನು ಹೇಳಬೇಕು. ದೇಹದಲ್ಲಿರುವ ರಕ್ತದಲ್ಲಿ ಸುಮಾರು ಮೂರರಲ್ಲೆರಡು ಪಾಲು ಯಾವಾಗಲೂ ಇರುವುದು ಇವುಗಳಲ್ಲಿಯೇ. ತೆಳುಗೋಡೆಯ ಈ ನಾಳಗಳು ಬರಿಯ ದಾರಿಗಳಲ್ಲ, ಭಂಡಾರಗಳು. ನರಗಳ ಪ್ರೇರಣೆಯಿಂದ ಅವು ಬಿಗಿದುಕೊಂಡು ತಮ್ಮಲ್ಲಿರುವುದನ್ನು ಹೃದಯದ ಕಡೆಗೆ ಒತ್ತಬಲ್ಲುವು. ರಕ್ತದಾನ ಮಾಡುವವನಿಂದ ಸಾಮಾನ್ಯವಾಗಿ 350 ಮಿ.ಲೀ. ತೆಗೆಯುತ್ತಾರೆ, ಸೂಜಿಯನ್ನು ಚುಚ್ಚುವುದು ಮೊಣಕೈಯ ಮಡಿಕೆಯ ಅಭಿಧಮನಿಗೆ, ಮೇಲೆ ಕಟ್ಟುವುದು ಹಾರ್ವೆ ಕಟ್ಟಿದಂಥ ನಡುಬಿಗಿಯ ಪಟ್ಟಿ. ದಾನಿಯನ್ನು ಮುಷ್ಟಿ ಹಿಡಿದು ಬಿಡುತ್ತಿರೆಂದು ಹೇಳುವುದು, ಮುಂಗೈಯ ಸ್ನಾಯುಗಳು ಹಿಂಡಲೆಂದು. ಅಷ್ಟು ರಕ್ತ ಹೊರಹೋಗುತ್ತಿದ್ದರೂ ಅವನ ನಾಡಿಯಲ್ಲಿಯೂ ಒತ್ತಡದಲ್ಲಿಯೂ ಹೆಚ್ಚಿನ ವ್ಯತ್ಯಾಸ ಕಾಣದು, ಏಕೆಂದರೆ ಮೈಯೆಲ್ಲೆಡೆಯ ಅಭಿಧಮನಿಗಳು ಆಗಲೇ ತುಸು ಬಿಗಿದುಕೊಂಡು ಕೊರತೆಯನ್ನು ತುಂಬಿರುತ್ತವೆ. ಆದರೆ ಥಟ್ಟನೆ ಎದ್ದು ನಿಂತರೆ ಕಾಲಿನ ಭಂಡಾರಕ್ಕೆ ಮತ್ತಷ್ಟು ಇಳಿದುಹೋಗಿ ತಲೆ ಸುತ್ತೀತು. ಹತ್ತು ನಿಮಿಷ ಮಲಗಿದ್ದು, ಒಂದು ಲೋಟ ಪಾನಕ ಕುಡಿದು, ಮೆಲ್ಲಗೆ ಏಳಿರೆಂದು ದಾದಿಯರು ಹೇಳುವುದು ಅದಕ್ಕಾಗಿ.